ರಜೆಯ ನಡುವೆ ಒಂದೆರಡು ಸಣ್ಣ ಡೈವ್: ಮಕ್ಕಳನ್ನು ಕಟ್ಟಿಕೊಂಡು ಹೋದವರ ಅನುಭವ

ಕೇಳಿದವರು:

ಮುಂದಿನ ತಿಂಗಳು ಬೆಚ್ಚನೆಯ ಕಡಲಿನ ದ್ವೀಪವೊಂದಕ್ಕೆ ಎಂಟು ದಿನಗಳ ಮಟ್ಟಿಗೆ ಹೋಗುತ್ತಿದ್ದೇವೆ. ನಾನು ಏಳು ವರ್ಷಗಳ ಹಿಂದೆ ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದು) ಕಲಿತು ಪ್ರಮಾಣಪತ್ರ ಪಡೆದೆ, ಆಮೇಲೆ ನೀರಿಗೆ ಇಳಿದಿಲ್ಲ. ಪತಿಗೆ ಕೊಳವೆಯಿಂದ ಉಸಿರಾಡುತ್ತಾ ನೀರಿನ ಮೇಲ್ಮೈಯಲ್ಲೇ ಈಜುವ ಸ್ನಾರ್ಕ್ಲಿಂಗ್ ಮಾತ್ರ ಗೊತ್ತು. ಮಗಳಿಗೆ ಹನ್ನೊಂದು, ಮಗನಿಗೆ ಆರು. ಆಳಕ್ಕೆ ಹೋಗುವ ಹಟವಿಲ್ಲ. ಅರ್ಧ, ಮುಕ್ಕಾಲು ಗಂಟೆಯ ಸುಲಭದ ಡೈವ್ ಒಂದೆರಡು ಸಿಕ್ಕರೆ ಸಾಕು. ರಜೆ ಕೆಡದಂತೆ ಹೇಗೆ ಹೊಂದಿಸಲಿ?

ಮೊದಲ ಉತ್ತರ:

ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಮಕ್ಕಳು ಐದು ಮತ್ತು ಒಂಬತ್ತು ವರ್ಷದವರಾಗಿದ್ದಾಗ ಎರಡು ಸಿಲಿಂಡರ್‌ಗಳ, ಅಂದರೆ ಎರಡು ಡೈವ್‌ಗಳ, ದೋಣಿ ಪ್ರವಾಸಕ್ಕೆ ಹೆಸರು ಕೊಟ್ಟೆ. ಬೆಳಿಗ್ಗೆ ಏಳಕ್ಕೆ ಬರಲು ಹೇಳಿದರು. ಸಲಕರಣೆ ಹೊಂದಿಸುವುದು, ದೋಣಿಯಲ್ಲಿ ಹೋಗುವುದು, ಎರಡು ಡೈವ್‌ಗಳ ನಡುವೆ ಒಂದು ಗಂಟೆ ಬಿಡುವು, ವಾಪಸು ಬರುವುದು, ಎಲ್ಲ ಮುಗಿದು ಕೋಣೆ ಸೇರುವಾಗ ಮಧ್ಯಾಹ್ನ ಎರಡು. ನೀರಿನೊಳಗೆ ಇದ್ದದ್ದು ಒಟ್ಟು ಒಂದೂವರೆ ಗಂಟೆ. ಅಷ್ಟು ಹೊತ್ತೂ ಬಿಸಿಲಿನಲ್ಲಿ ಇಬ್ಬರು ಮಕ್ಕಳನ್ನು ಸಂಭಾಳಿಸಿದವರು ನಮ್ಮ ಯಜಮಾನರು. ನಾನು ಕಡಲಾಮೆಯ ಕಥೆ ತೆಗೆದೆ. ಅವರು ಚಿಕ್ಕವನನ್ನು ನನ್ನ ಕೈಗೆ ಕೊಟ್ಟು, ಒಂದು ಮಾತೂ ಆಡದೆ ಮಲಗಲು ಹೋದರು.

ಮುಂದಿನ ಸಲ ಉಳಿಯುವ ಜಾಗವನ್ನೇ ಬೇರೆ ಲೆಕ್ಕದಲ್ಲಿ ಆರಿಸಿದೆವು. ದಡದಿಂದ ನಡೆದು ಇಳಿಯುವಷ್ಟು ಹತ್ತಿರದಲ್ಲಿ ಹವಳದ ದಿಬ್ಬ ಇರಬೇಕು, ಡೈವಿಂಗ್ ಕೇಂದ್ರವೂ ಅಲ್ಲೇ ಇರಬೇಕು. ಒಂದು ದಿನಕ್ಕೆ ಒಬ್ಬರಿಗೆ ಒಂದೇ ಸಿಲಿಂಡರ್. ಎಂಟೂವರೆಗೆ ನಾನು, ಹತ್ತೂವರೆಗೆ ಅವರು, ಇಬ್ಬರೂ ಮಾರ್ಗದರ್ಶಕರ ಜೊತೆ. ಹನ್ನೆರಡಕ್ಕೆಲ್ಲ ಇಡೀ ಮನೆ ನೆರಳಿನಲ್ಲಿರುತ್ತಿತ್ತು. ದಡದಿಂದ ಇಳಿಯುವುದಾದರೆ ಭರತದ ಹೊತ್ತು ಕೇಳಿಕೊಳ್ಳಿ. ನೀರು ಇಳಿದಾಗ ಮೊಣಕಾಲುದ್ದದ ನೀರಿನಲ್ಲಿ, ಬೆನ್ನ ಮೇಲೆ ಸಿಲಿಂಡರ್ ಹೊತ್ತು, ಚೂಪು ಕಲ್ಲುಗಳ ಮೇಲೆ ನಡೆಯುವುದು ಡೈವಿಂಗ್‌ಗಿಂತ ಕಷ್ಟ.

ಆಳ ಕಡಿಮೆಯಾದರೆ ನೋಡುವುದೂ ಕಡಿಮೆ ಎಂದು ಅಂದುಕೊಳ್ಳಬೇಡಿ. ನನ್ನ ಮಟ್ಟಿಗೆ ಅದು ಉಲ್ಟಾ. ಹತ್ತು ಮೀಟರ್ ಕೆಳಗೆ ಒತ್ತಡ ಮೇಲಿನ ಎರಡರಷ್ಟು, ಇಪ್ಪತ್ತರಲ್ಲಿ ಮೂರರಷ್ಟು. ಪ್ರತಿ ಉಸಿರಿಗೂ ಸಿಲಿಂಡರ್‌ನಿಂದ ಅಷ್ಟೇ ಪಟ್ಟು ಗಾಳಿ ಹೋಗುತ್ತದೆ. ಹದಿನೆಂಟು ಮೀಟರ್‌ನಲ್ಲಿ ಗಾಳಿಯ ಮಾಪಕದ ಮುಳ್ಳನ್ನೇ ನೋಡುತ್ತಾ ಈಜಿದವಳು ನಾನು. ಏಳು ಮೀಟರ್‌ನಲ್ಲಿ ಆ ಆತಂಕವೇ ಇರಲಿಲ್ಲ. ಇನ್ನು ಬಣ್ಣ. ನೀರು ಮೊದಲು ನುಂಗುವುದು ಕೆಂಪನ್ನು, ಆಳಕ್ಕೆ ಹೋದಷ್ಟೂ ಎಲ್ಲವೂ ನೀಲಿ ಬೂದು. ದಿಬ್ಬ ಕಟ್ಟುವ ಹವಳಕ್ಕೂ ಬಿಸಿಲು ಬೇಕು, ಹಾಗಾಗಿ ಮೀನಿನ ಸಂತೆ ನೆರೆಯುವುದು ಹೆಚ್ಚಾಗಿ ಮೇಲಿನ ಹತ್ತು ಹನ್ನೆರಡು ಮೀಟರ್‌ಗಳಲ್ಲೇ.

ಇನ್ನೊಂದು ಲಾಭ ನಾನು ಎಣಿಸಿಯೇ ಇರಲಿಲ್ಲ. ಆರು ಮೀಟರ್ ಕೆಳಗೆ ಮರಳಿನ ಮೇಲೆ ತೇಲುತ್ತಾ ತಲೆ ಎತ್ತಿದರೆ, ನೆತ್ತಿಯ ಮೇಲೆ ಎರಡು ಹಳದಿ ಫಿನ್‌ಗಳು. ಮಗಳು ಅಪ್ಪನ ಕೈ ಹಿಡಿದು ಸ್ನಾರ್ಕ್ಲಿಂಗ್ ಮಾಡುತ್ತಾ, ನನ್ನ ಉಸಿರಿನ ಗುಳ್ಳೆಗಳು ಮೇಲೆ ಬಂದ ಹಾಗೆ ಒಂದೊಂದನ್ನೇ ಅಂಗೈಯಿಂದ ಒಡೆಯುತ್ತಿದ್ದಳು.

ಎರಡನೆಯ ಉತ್ತರ:

ಮೇಲೆ ಬರೆದವರ ಮಾತಿಗೆ ನನ್ನದೂ ಸಹಿ, ಒಂದು ತಕರಾರಿನೊಂದಿಗೆ. ದಡದ ಡೈವ್ ಎಲ್ಲ ಕಡೆಯೂ ಸುಲಭವಲ್ಲ. ಅಲೆ ಬಡಿಯುವ ಕಡೆ, ಹತ್ತು ನಿಮಿಷದ ದಾರಿಯಲ್ಲಿ ನಿಂತ ಪುಟ್ಟ ದೋಣಿಯಿಂದ ಇಳಿಯುವುದೇ ವಾಸಿ. ಒಂದೇ ಸಿಲಿಂಡರ್‌ನ ದೋಣಿ ಸರದಿ ಇದೆಯೇ ಎಂದು ಬಾಯಿ ಬಿಟ್ಟು ಕೇಳಿ, ಎಷ್ಟೋ ಕಡೆ ಇರುತ್ತದೆ.

ಮಕ್ಕಳ ವಿಷಯ. ಡೈವಿಂಗ್ ತರಬೇತಿಯ ಪ್ಯಾಡಿ ಸಂಸ್ಥೆಯ ನಿಯಮದಂತೆ, ಪ್ರಮಾಣಪತ್ರವಿಲ್ಲದವರ ಪರಿಚಯದ ಡೈವ್‌ಗೆ ಹತ್ತು ವರ್ಷ ತುಂಬಿರಬೇಕು, ಆಳ ಹನ್ನೆರಡು ಮೀಟರ್ ದಾಟುವಂತಿಲ್ಲ. ಎಂಟು ತುಂಬಿದವರಿಗೆ ಎರಡು ಮೀಟರ್ ಒಳಗಿನ ಆಟ. ನಿಮ್ಮ ಮಗಳು ಮತ್ತು ಪತಿ ಒಬ್ಬರೇ ಇನ್‌ಸ್ಟ್ರಕ್ಟರ್ ಜೊತೆ ಇಳಿಯಬಹುದು, ಮಗನಿಗೆ ಸ್ನಾರ್ಕ್ಲಿಂಗ್ ಸಾಕು.

ವಯಸ್ಸಾಯಿತು ಎಂದ ಮಾತ್ರಕ್ಕೆ ಮಗು ಸಿದ್ಧವಾಗಿದೆ ಎಂದಲ್ಲ. ನನ್ನ ಮಗ ಹನ್ನೊಂದರಲ್ಲಿ ಈಜುಕೊಳದಲ್ಲಿ ಚೆನ್ನಾಗಿಯೇ ಮಾಡಿದ್ದ. ಕಡಲಿನಲ್ಲಿ ಎರಡು ಮೀಟರ್ ಇಳಿಯುತ್ತಲೇ ಕಿವಿಯ ಕಡೆ ಬೆರಳು ತೋರಿಸಿ ಅಂಗೈ ಅಲ್ಲಾಡಿಸಿದ. ಇನ್‌ಸ್ಟ್ರಕ್ಟರ್ ಅವನನ್ನು ಅರ್ಧ ಮೀಟರ್ ಮೇಲಕ್ಕೆ ತಂದು ಮೂಗು ಹಿಡಿದು ಮೆಲ್ಲಗೆ ಊದಲು ಸನ್ನೆ ಮಾಡಿದರು. ಕಿವಿ ಬಿಡಲಿಲ್ಲ. ಮತ್ತೆ ಸ್ವಲ್ಪ ಮೇಲೆ, ಮತ್ತೆ ಊದು. ಮೂರನೆಯ ಸಲವೂ ಆಗದಾಗ, ಮೇಲೆ ಹೋಗೋಣ ಎಂದು ಹೆಬ್ಬೆರಳು ಮೇಲೆತ್ತಿದರು, ಡೈವ್ ಅಲ್ಲಿಗೇ ಮುಗಿಯಿತು. ನನಗೆ ಒಳಗೊಳಗೇ ನಿರಾಸೆ, ಸುಳ್ಳೇಕೆ ಹೇಳಲಿ. ಆದರೆ ಅವರು ಮಾಡಿದ್ದೇ ಸರಿ. ಕಿವಿಯೊಳಗಿನ ಗಾಳಿ ಅತಿ ಬೇಗ ಕುಗ್ಗುವುದು ಮೊದಲ ಕೆಲವು ಮೀಟರ್‌ಗಳಲ್ಲೇ, ಅಲ್ಲಿ ಬಲವಂತ ಮಾಡಿದರೆ ಕಿವಿಯ ತಮಟೆಗೇ ಪೆಟ್ಟು. ಕಿವಿಯನ್ನು ನೋವು ಬಂದ ಮೇಲಲ್ಲ, ಬರುವ ಮೊದಲೇ ಬಿಡಿಸುತ್ತಾ ಇಳಿಯಬೇಕು ಎಂದು ಮಗಳಿಗೆ ಮನೆಯಲ್ಲೇ ಹೇಳಿಕೊಡಿ.

ನೆಗಡಿ ಇದ್ದರೆ ಯಾರೂ ಇಳಿಯಬೇಡಿ. ಮೂಗು ತೆರೆಯುವ ಮಾತ್ರೆ ನುಂಗಿ ಇಳಿದು, ಮಧ್ಯದಲ್ಲಿ ಅದರ ಪ್ರಭಾವ ಇಳಿದರೆ ಮೇಲೆ ಬರುವಾಗ ಕಿವಿ ಕಟ್ಟಿಕೊಳ್ಳುತ್ತದೆ. ಇಳಿಯುವಾಗ ಕಟ್ಟಿದರೆ ವಾಪಸು ಹೋಗಬಹುದು, ಏರುವಾಗ ಕಟ್ಟಿದರೆ ಎಲ್ಲಿಗೆ ಹೋಗುತ್ತೀರಿ?

ಮೂರನೆಯ ಉತ್ತರ:

ನಿಮ್ಮ ಪತಿಗೆ ಮೀಸೆ ಇದೆಯೇ? ನನಗಿದೆ. ಮೊದಲ ಡೈವ್ ಪೂರ್ತಿ ಮಾಸ್ಕ್‌ನೊಳಗೆ ನೀರು ಜಿನುಗುತ್ತಿತ್ತು, ಮೂಗಿನಿಂದ ಊದಿ ಹೊರಹಾಕುವುದರಲ್ಲೇ ಅರ್ಧ ಗಂಟೆ ಕಳೆಯಿತು. ಮೀನು ನೋಡಿದ ನೆನಪಿಲ್ಲ. ಮರುದಿನ ಮೂಗಿನ ಕೆಳಗೆ ಒಂದು ಎಳೆಯಷ್ಟು ಬೋಳಿಸಿಕೊಂಡೆ, ಸರಿಹೋಯಿತು. ಹೊಸ ಮಾಸ್ಕ್ ಕೊಂಡರೆ ಗಾಜಿನ ಒಳಮೈಯನ್ನು ಟೂತ್‌ಪೇಸ್ಟ್ ಹಾಕಿ ಉಜ್ಜಿ ತೊಳೆಯಿರಿ, ಇಲ್ಲದಿದ್ದರೆ ಮಂಜು ಕಟ್ಟುತ್ತದೆ. ಬೆಚ್ಚನೆಯ ನೀರು ಎಂದು ಬನಿಯನ್ನಿನಲ್ಲಿ ಇಳಿಯಬೇಡಿ. ಮುಕ್ಕಾಲು ಗಂಟೆಗೆ ದೊಡ್ಡವರಿಗೇ ನಡುಕ ಬರುತ್ತದೆ, ಸಣಕಲು ಮಕ್ಕಳಿಗೆ ಇನ್ನೂ ಬೇಗ.

ನಾಲ್ಕನೆಯ ಉತ್ತರ:

ಕೆಲವು ವರ್ಷ ಇನ್‌ಸ್ಟ್ರಕ್ಟರ್ ಆಗಿದ್ದೆ. ಎಲ್ಲರೂ ಜಾಗದ ಬಗ್ಗೆ ಕೇಳುತ್ತಾರೆ, ದಿನಗಳ ಜೋಡಣೆಯ ಬಗ್ಗೆ ಕೇಳುವವರು ಕಡಿಮೆ. ಡೈವ್‌ಗಳನ್ನು ರಜೆಯ ಮೊದಲರ್ಧದಲ್ಲೇ ಮುಗಿಸಿ. ಡೈವಿಂಗ್ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಲಹೆಯಂತೆ, ಒಂದೇ ಡೈವ್ ಮಾಡಿದ್ದರೆ ವಿಮಾನ ಹತ್ತಲು ಕನಿಷ್ಠ 12 ಗಂಟೆ ಬಿಡಬೇಕು. ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ 18 ಗಂಟೆ. ನಾನಾಗಿದ್ದರೆ ಪೂರ್ತಿ ಒಂದು ದಿನ ಬಿಡುತ್ತೇನೆ. ದ್ವೀಪದಲ್ಲಿ ಎತ್ತರದ ಬೆಟ್ಟವಿದ್ದರೆ ಆ ಪ್ರವಾಸವನ್ನು ಡೈವ್‌ನ ಮೊದಲೇ ಇಟ್ಟುಕೊಳ್ಳಿ. ಡೈವ್ ಮಾಡುವಾಗ ದೇಹದಲ್ಲಿ ಕರಗಿದ ಸಾರಜನಕ, ಎತ್ತರದಲ್ಲಿ ಒತ್ತಡ ಇಳಿದಾಗ ಗುಳ್ಳೆಯಾಗಿ ತೊಂದರೆ ಕೊಡಬಹುದು. ಅದಕ್ಕೆ ಬೆಟ್ಟವೂ ಒಂದೇ, ವಿಮಾನವೂ ಒಂದೇ.

ಏಳು ವರ್ಷದ ಬಿಡುವಿನ ನಂತರ ನೀವು ನೇರ ಕಡಲಿಗೆ ಇಳಿಯಬಾರದು. ಪುನರಭ್ಯಾಸದ ತರಗತಿಗೆ ಒಂದು ಬೆಳಿಗ್ಗೆ ಸಾಕು. ಮಾಸ್ಕ್‌ನಿಂದ ನೀರು ತೆಗೆಯುವುದು, ಬಾಯಿಂದ ಜಾರಿದ ರೆಗ್ಯುಲೇಟರ್ (ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಹುಡುಕುವುದು, ಮೇಲೇಳದೆ ಮುಳುಗದೆ ಒಂದೇ ಮಟ್ಟದಲ್ಲಿ ತೇಲುವುದು, ಇಷ್ಟು ಕೈಗೆ ಮರಳಿ ಬರಲಿ. ಪತಿ ಮತ್ತು ಮಗಳಿಗೆ ಒಂದು ಮಾತನ್ನು ನೂರು ಸಲ ಹೇಳಿ: ಉಸಿರು ಹಿಡಿಯಬಾರದು. ಸ್ನಾರ್ಕ್ಲಿಂಗ್ ಮಾಡಿದವರಿಗೆ ಉಸಿರು ಕಟ್ಟುವ ಅಭ್ಯಾಸವಿರುತ್ತದೆ. ಸಿಲಿಂಡರ್‌ನ ಗಾಳಿ ಎಳೆದು ಉಸಿರು ಕಟ್ಟಿಕೊಂಡು ಮೇಲೇರಿದರೆ, ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಹಾನಿಯಾಗುತ್ತದೆ. ಈಜುಕೊಳದಷ್ಟು ಆಳದಲ್ಲೂ ಈ ಅಪಾಯ ಇದ್ದೇ ಇದೆ.

ಆರೋಗ್ಯದ ಪ್ರಶ್ನಾವಳಿಯನ್ನು ಹೊರಡುವ ಮೊದಲೇ ತರಿಸಿಕೊಂಡು ತುಂಬಿ ನೋಡಿ. ಅಸ್ತಮಾ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆಯಂಥವಕ್ಕೆ ಹೌದು ಎಂದಾದರೆ ವೈದ್ಯರ ಸಹಿ ಬೇಕಾಗುತ್ತದೆ, ಅದನ್ನು ರಜೆಯಲ್ಲಿ ಹುಡುಕಿಕೊಂಡು ಅಲೆಯಬೇಡಿ. ಕೇಂದ್ರದವರಿಗೆ ನಾನು ಕೇಳುವುದು ಎರಡೇ: ಒಬ್ಬ ಇನ್‌ಸ್ಟ್ರಕ್ಟರ್ ಕೈಕೆಳಗೆ ಎಷ್ಟು ಮಂದಿ? ಮಗು ಬೇಡವೆಂದರೆ ಅರ್ಧದಲ್ಲೇ ವಾಪಸು ಕರೆತರುತ್ತೀರಾ? ಎರಡನೆಯದಕ್ಕೆ ತಡವರಿಸಿದರೆ ಬೇರೆ ಕೇಂದ್ರ ನೋಡಿ.

ಕೇಳಿದವರು:

ಎಲ್ಲರಿಗೂ ಧನ್ಯವಾದ. ಎರಡನೆಯ ದಿನ ಬೆಟ್ಟ, ಮೂರನೆಯ ದಿನ ನನ್ನ ಪುನರಭ್ಯಾಸ, ನಾಲ್ಕಕ್ಕೆ ಪತಿ ಮತ್ತು ಮಗಳ ಪರಿಚಯದ ಡೈವ್, ಐದಕ್ಕೆ ನನ್ನದು. ಆಮೇಲೆ ಮರಳಿನಲ್ಲಿ ಬಿದ್ದುಕೊಳ್ಳುವುದು. ಪತಿ ಮೀಸೆಯ ಬಗ್ಗೆ ಇನ್ನೂ ಯೋಚಿಸುತ್ತಿದ್ದಾರೆ. ನನ್ನ ಹಳೆಯ ಮಾಸ್ಕ್ ಅಟ್ಟದಿಂದ ಇಳಿಸಿದ್ದೇನೆ.

ನಾಲ್ಕನೆಯವರು:

ಏಳು ವರ್ಷದ ಮಾಸ್ಕ್ ಆದರೆ ಅದರ ಪಟ್ಟಿಯನ್ನು ಒಮ್ಮೆ ಜೋರಾಗಿ ಎಳೆದು ನೋಡಿ.

ಕೇಳಿದವರು:

ಎಳೆದೆ. ಕೈಗೇ ಬಂತು.