ಹೊಸ ಪಿಸ್ತೂಲು, ನೂರು ಗುಂಡಿಗೆ ಒಂಬತ್ತು ಸಲ ಸಿಕ್ಕಿಕೊಂಡಿತು

ಡಲ್ಲಾಸ್ ಕೊಡಗಿನವ:

ಎಲ್ಲರಿಗೂ ನಮಸ್ಕಾರ. ಗ್ರೀನ್ ಕಾರ್ಡ್ ಬಂದ ಮೇಲೆ, ಕಳೆದ ತಿಂಗಳು ಮೊದಲ ಪಿಸ್ತೂಲು ಕೊಂಡೆ. 9 ಎಂಎಂ, ಚಿಕ್ಕ ಸೈಜಿನದು. ಊರಲ್ಲಿ ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವನು ನಾನು, ಇದೇನು ಮಹಾ ಅಂದುಕೊಂಡಿದ್ದೆ. ರೇಂಜಿನಲ್ಲಿ ಮಾನ ಹೋಯಿತು. ನೂರು ಗುಂಡು ಹೊಡೆದೆ, ಒಂಬತ್ತು ಸಲ ನಿಂತಿತು. ಕೆಲವು ಸಲ ಗುಂಡಿನ ಮೂತಿ ಕೆಳಗೆ ಬಾಗಿ, ಗುಂಡನ್ನು ನಳಿಗೆಯೊಳಗೆ ಜಾರಿಸುವ ಇಳಿಜಾರಾದ ರ್‍ಯಾಂಪಿಗೆ ಗುದ್ದಿಕೊಂಡು ನಿಲ್ಲುತ್ತದೆ. ಕೆಲವು ಸಲ ಗುಂಡು ಒಳಗೆ ಹೋಗುತ್ತದೆ, ಸ್ಲೈಡ್ (ಹಿಂದೆ ಮುಂದೆ ಓಡುವ ಮೇಲಿನ ಭಾಗ) ಮಾತ್ರ ಕೂದಲೆಳೆಯಷ್ಟು ಹಿಂದೆಯೇ ಉಳಿಯುತ್ತದೆ. ಹೆಬ್ಬೆರಳಲ್ಲಿ ಒತ್ತಿ ಮುಚ್ಚಿದೆ.

ಗುಂಡು ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು, 115 ಗ್ರೇನ್ ತೂಕದ್ದು. ಪಿಸ್ತೂಲಿನ ಜೊತೆ ಗುಂಡು ತುಂಬುವ ಎರಡು ಮ್ಯಾಗಜೀನ್ ಬಂದಿವೆ. ಡಬ್ಬದಿಂದ ತೆಗೆದು ನೇರ ರೇಂಜಿಗೆ ಒಯ್ದೆ. ಏನಿರಬಹುದು?

ಆಸ್ಟಿನ್ ಅಣ್ಣಯ್ಯ:

ರ್‍ಯಾಂಪ್ ಒರಟಾಗಿದೆ, ಅಷ್ಟೇ. ಕೈ ಗ್ರೈಂಡರಿಗೆ ಬಫಿಂಗ್ ಚಕ್ರ ಹಾಕಿ ಕನ್ನಡಿ ಥರ ಉಜ್ಜಿ. ಹತ್ತು ನಿಮಿಷದ ಕೆಲಸ.

ಪೀಣ್ಯ ಫಿಟ್ಟರ್:

ಅಣ್ಣಯ್ಯ, ಬೇಡ ಮಾರಾಯ್ರೆ! ಪೀಣ್ಯದಲ್ಲಿ ಹನ್ನೊಂದು ವರ್ಷ ಲೇತ್ ಮುಂದೆ ನಿಂತವನು ನಾನು. ತೆಗೆದ ಲೋಹವನ್ನು ಮತ್ತೆ ಅಂಟಿಸೋಕಾಗಲ್ಲ. ಇಲ್ಲಿಗೆ ಬಂದ ಹೊಸತರಲ್ಲಿ .45ರ 1911 ಮಾದರಿಯ ಪಿಸ್ತೂಲು ಒಂದನ್ನು ನಾನೂ ಹೀಗೇ ಉಜ್ಜಿದೆ. ವಿನ್ಯಾಸಕ ಬ್ರೌನಿಂಗ್ ಅದನ್ನು ಮಾಡಿದ್ದು 230 ಗ್ರೇನಿನ ದುಂಡು ಮೂತಿಯ ಗುಂಡಿಗೆ. ನಾನು ತುಂಬಿದ್ದು ಅಗಲ ಬಾಯಿಯ ಹಾಲೋ ಪಾಯಿಂಟ್, ಅಂದರೆ ಮೂತಿಯಲ್ಲಿ ಗುಳಿ ಇರುವ ಗುಂಡು. ತಪ್ಪು ನನ್ನದು, ಉಜ್ಜಿಸಿಕೊಂಡಿದ್ದು ರ್‍ಯಾಂಪ್.

ಕೊಡಗಿನವರೇ, ಮೊದಲು ಆ ಹೆಬ್ಬೆರಳ ಅಭ್ಯಾಸ ಬಿಡಿ. ಸ್ಲೈಡ್ ಕೂರದಿದ್ದರೆ ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ದೂರ ಇರಲಿ. ಮ್ಯಾಗಜೀನ್ ತೆಗೆಯಿರಿ, ಗುಂಡು ಹೊರಗೆ ಹಾಕಿ ನೋಡಿ. ಇನ್ನೊಂದು ಮಾತು: ಯಾವತ್ತಾದರೂ ಏಟಿನ ಸದ್ದು ‘ಪುಸ್’ ಅಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯೊಳಗೇ ಉಳಿದಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸೀಳಬಹುದು.

ಈಗ ವಿಷಯಕ್ಕೆ ಬರೋಣ. ಫ್ಯಾಕ್ಟರಿಯಲ್ಲಿ ಬಳಿಯುವ ಎಣ್ಣೆ ತುಕ್ಕು ಹಿಡಿಯದಿರಲಿ ಅಂತ. ಅದು ಅಂಟಂಟಾಗಿರುತ್ತದೆ. ಬಿಚ್ಚಿ ಒರೆಸಿ, ಗುಂಡು ಕೂರುವ ಚೇಂಬರಿಗೂ ಬ್ರಷ್ ಹಾಕಿ. ಸ್ಲೈಡ್ ಓಡುವ ಹಳಿಗಳಿಗೆ ಒಂದೊಂದು ತೊಟ್ಟು ಎಣ್ಣೆ ಸಾಕು. ಸ್ಲೈಡ್ ಕೂದಲೆಳೆ ಹಿಂದೆ ಉಳಿಯುವುದು ಬಹುಶಃ ಇದರಲ್ಲೇ ಹೋಗುತ್ತದೆ. ಮೊದಲ ಗುಂಡು ಏರಿಸುವಾಗ ಸ್ಲೈಡನ್ನು ಪೂರ್ತಿ ಎಳೆದು ಬಿಟ್ಟುಬಿಡಿ. ಕೈ ಜೊತೆಗೆ ಮೆಲ್ಲಗೆ ಮುಂದೆ ತರಬೇಡಿ, ಮಗುವನ್ನು ಮಲಗಿಸೋ ಥರ.

ಆಮೇಲೆ ಮ್ಯಾಗಜೀನ್. ಮಾರ್ಕರಿನಲ್ಲಿ 1, 2 ಅಂತ ಬರೆಯಿರಿ. ಹಾಕಿದ ಮೇಲೆ ಬುಡಕ್ಕೆ ಅಂಗೈಯಿಂದ ಒಂದು ಏಟು ಕೊಡಿ, ಪೂರ್ತಿ ಕೂತಿರಲಿ. ಪ್ರತಿ ಸಲ ನಿಂತಾಗ ಚೀಟಿಯಲ್ಲಿ ಗುರುತು ಹಾಕಿ: ಯಾವ ಮ್ಯಾಗಜೀನ್, ಎಷ್ಟನೇ ಗುಂಡು. ಕೊನೆಯ ಒಂದೆರಡು ಗುಂಡಲ್ಲೇ ಮೂತಿ ಬಾಗುತ್ತಿದ್ದರೆ ಮ್ಯಾಗಜೀನಿನ ಸ್ಪ್ರಿಂಗ್ ಸೋತಿದೆ, ಗುಂಡನ್ನು ಮೇಲೆ ಒತ್ತಿ ಹಿಡಿಯುತ್ತಿಲ್ಲ ಅಂತ ಅನುಮಾನಪಡಿ. 124 ಗ್ರೇನಿನದು ಒಂದು ಡಬ್ಬ ತನ್ನಿ, ಆದರೆ ಅದನ್ನು ಬೇರೆ ದಿನ ಹೊಡೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತು ಅಂತಲೇ ಗೊತ್ತಾಗಲ್ಲ.

ಕೊನೆಗೆ, ಬೇಜಾರಾಗಬೇಡಿ, ನಿಮ್ಮ ಮಣಿಕಟ್ಟು. ನಿಮ್ಮೂರ ತೋಟಾ ಕೋವಿಯನ್ನು ಮಡಚಿ ತುಂಬಿ ಮುಚ್ಚುವುದು ನಿಮ್ಮ ಕೈ. ಇಲ್ಲಿ ಆ ಕೆಲಸ ಗುಂಡಿನ ಒದೆತದ್ದು. ಕೈ ಸಡಿಲ ಬಿಟ್ಟರೆ ಪಿಸ್ತೂಲಿಗೆ ಪಿಸ್ತೂಲೇ ಹಿಂದೆ ಬರುತ್ತದೆ, ಸ್ಲೈಡ್ ಪೂರ್ತಿ ಹಿಂದೆ ಹೋಗುವುದಿಲ್ಲ. ಚಿಕ್ಕ, ಹಗುರ ಪಿಸ್ತೂಲಿನಲ್ಲಿ ಇದು ಜಾಸ್ತಿ. ಇನ್ನೊಬ್ಬರ ಕೈಗೆ ಕೊಟ್ಟು ನೋಡಿ.

ಡಲ್ಲಾಸ್ ಕೊಡಗಿನವ (ಹತ್ತು ದಿನದ ನಂತರ):

ಫಿಟ್ಟರ್ ಸರ್, ವರದಿ ಒಪ್ಪಿಸುತ್ತಿದ್ದೇನೆ. ಒರೆಸಿದಾಗ ಕಂದು ಬಣ್ಣದ ಅಂಟು ಬಟ್ಟೆ ತುಂಬ ಬಂತು. ಸ್ಲೈಡ್ ಕೂದಲೆಳೆ ಹಿಂದೆ ಉಳಿಯುವುದು ಪೂರ್ತಿ ಹೋಯಿತು. ಅದೇ ಅಗ್ಗದ ಗುಂಡಲ್ಲಿ ಒಂದೊಂದು ಮ್ಯಾಗಜೀನಿಗೆ 75ರಂತೆ ಹೊಡೆದೆ. 1ರಲ್ಲಿ ಒಂದು ಸಲ ನಿಂತಿತು. 2ರಲ್ಲಿ ಐದು ಸಲ, ಅದರಲ್ಲಿ ನಾಲ್ಕು ಕೊನೆಯ ಎರಡು ಗುಂಡಲ್ಲಿ. ಮನೆಗೆ ಬಂದು ಎರಡರ ಸ್ಪ್ರಿಂಗನ್ನೂ ಬಿಚ್ಚಿ ಟೇಬಲ್ ಮೇಲಿಟ್ಟೆ. 2ರದು ಒಂದು ಬೆರಳಿನಷ್ಟು ಗಿಡ್ಡ! ಅದಲುಬದಲು ಮಾಡಿ ಮರುದಿನ ಹೊಡೆದರೆ ರೋಗ 1ಕ್ಕೆ ಅಂಟಿತು. ತಯಾರಕರಿಗೆ ಫೋಟೋ ಕಳಿಸಿದೆ, ಹೊಸ ಸ್ಪ್ರಿಂಗ್ ಕಳಿಸುತ್ತಾರಂತೆ.

ಮತ್ತೆ ಆ 1ರಲ್ಲಿ ಒಂದು ಸಲ ನಿಂತದ್ದು? ಒಳ್ಳೆ ಸ್ಪ್ರಿಂಗ್ ಇರುವಾಗಲೇ ನನ್ನ ಹೆಂಡತಿಗೂ ಕೊಟ್ಟಿದ್ದೆ. ಮೂವತ್ತು ಹೊಡೆದಳು, ಒಂದೂ ನಿಲ್ಲಲಿಲ್ಲ. ಅವಳು ಮೈಸೂರಿನವಳು, ಕೋವಿ ಮುಟ್ಟಿದವಳೇ ಅಲ್ಲ. ತಪ್ಪು ನನ್ನ ಮಣಿಕಟ್ಟಿನದೇ ಅಂತ ಅವಳು ಊರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿಯಾಗಿದೆ.

ಪೀಣ್ಯ ಫಿಟ್ಟರ್:

ಅಮ್ಮಾವ್ರಿಗೆ ನನ್ನ ನಮಸ್ಕಾರ ಹೇಳಿ. ಹೊಸದು ಬಂದ ದಿನವೇ ಆ ಗಿಡ್ಡ ಸ್ಪ್ರಿಂಗನ್ನು ಕಸಕ್ಕೆ ಹಾಕಿ. ಡ್ರಾಯರಿನಲ್ಲಿಟ್ಟರೆ ಮುಂದಿನ ವರ್ಷ ಹೊಸದು ಅಂದುಕೊಂಡು ನೀವೇ ಹಾಕುತ್ತೀರಿ. ನಾನು ಹಾಕಿದ್ದೇನೆ.