ಸಹಾಯ ಬೇಕು: ಲಂಕಾವಿಯಲ್ಲಿ ದೋಣಿಯ ಡೀಸೆಲ್ ಟ್ಯಾಂಕ್ ಕ್ಲೀನ್ ಮಾಡುವವರು ಗೊತ್ತಾ?

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ಇಬ್ಬರೇ ಹಾಯಿದೋಣಿಯಲ್ಲಿ ವಾಸವಾಗಿದ್ದೇವೆ. ಸದ್ಯ ಮಲೇಷ್ಯಾದ ಲಂಕಾವಿ ದ್ವೀಪದಲ್ಲಿ, ಕುವಾ ಪಟ್ಟಣದ ಎದುರು ಲಂಗರು ಹಾಕಿದ್ದೇವೆ.

ಇಂಜಿನ್ ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೇ ನಿಂತುಹೋಗುತ್ತಿದೆ. ಫಿಲ್ಟರಿನ ಗಾಜಿನ ಬಟ್ಟಲಲ್ಲಿ ನೋಡಿದರೆ ತಳದಲ್ಲಿ ನೀರು, ಅದರ ಮೇಲೆ ಕಪ್ಪು ಲೋಳೆ. ಈ ಕಡೆಯ ಸೆಕೆ, ತೇವಕ್ಕೆ ಟ್ಯಾಂಕಿನೊಳಗೆ ನೀರು ಹನಿಗಟ್ಟುತ್ತದೆ. ನೀರು, ಡೀಸೆಲ್ ಕೂಡುವ ಕಡೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಫಿಲ್ಟರ್ ಬದಲಾಯಿಸಿದರೂ ಮತ್ತೆ ಕಟ್ಟಿಕೊಳ್ಳುತ್ತದೆ. ಸುಮ್ನೆ ಔಷಧಿ ಹಾಕಿದರೆ ಸಾಲದು, ಸತ್ತ ಲೋಳೆ ಜಾಸ್ತಿಯಾಗಿ ಬಂದು ಫಿಲ್ಟರಿಗೇ ಸೇರುತ್ತದೆ. ಟ್ಯಾಂಕ್ ಖಾಲಿ ಮಾಡಿ ಒಳಗೆಲ್ಲ ಉಜ್ಜಲೇಬೇಕು.

ಡೀಸೆಲ್ ಹೊರತೆಗೆದು ಸೋಸಿ ಕೊಡುವ ಪಂಪ್ ಇರುವವರು ಬೇಕು. ಲಂಕಾವಿ, ಪೆನಾಂಗ್ ಕಡೆ ಇರುವ ಕನ್ನಡದವರು ಯಾರಾದರೂ ನಂಬಿಕಸ್ಥ ಮೆಕ್ಯಾನಿಕ್ ಹೆಸರು ಹೇಳಿದರೆ ತುಂಬಾ ಉಪಕಾರ. ನಮಗೆ ಮಲಯ್ ಬರುವುದಿಲ್ಲ, ಫೋನಿನಲ್ಲಿ ಮಾತಾಡಿ ಕೊಟ್ಟರೂ ಸಾಕು.

ಈಶಾನ್ಯ ಮಾರುತ ಇರುವಾಗಲೇ, ಫೆಬ್ರವರಿಯೊಳಗೆ ಶ್ರೀಲಂಕಾ ಕಡೆ ಹೊರಡಬೇಕು. ಹಾಯಿ ಇದೆ ಅಲ್ವಾ ಎನ್ನಬಹುದು. ಆದರೆ ಮಲಕ್ಕಾ ಜಲಸಂಧಿಯ ಬಾಯಲ್ಲಿ ದೊಡ್ಡ ಹಡಗುಗಳು ಹಗಲೂ ರಾತ್ರಿ ಓಡಾಡುತ್ತವೆ. ಅಲ್ಲಿ ಗಾಳಿ ನಿಂತರೆ ಇಂಜಿನ್ನೇ ಗತಿ. ಹೆಂಡತಿಗೆ ಅದೇ ಚಿಂತೆ, ನನಗೂ.

ಖರ್ಚು ಪೂರ್ತಿ ನಮ್ಮದೇ. ಗೊತ್ತಿರುವವರು ದಯವಿಟ್ಟು ಮೆಸೇಜ್ ಮಾಡಿ.