ತಂದೆಯ ‘ಮಿಲಿಟರಿ ಕೋವಿ’ಗೆ ನ್ಯಾಯವಾದ ಬೆಲೆ ಎಷ್ಟು?

ಹೆಬ್ರಿ ಕೃಷಿಕ:
ನಮಸ್ಕಾರ. ಕಳೆದ ವರ್ಷ ತಂದೆ ತೀರಿಕೊಂಡರು. ಬೆಳೆ ರಕ್ಷಣೆಗೆಂದು ಅವರ ಹೆಸರಿನಲ್ಲಿದ್ದ ರೈಫಲ್ ಈಗ ಉಡುಪಿಯ ಕೋವಿ ವ್ಯಾಪಾರಿಯೊಬ್ಬರ ಬಳಿ ಠೇವಣಿಯಲ್ಲಿದೆ, ರಶೀದಿ ನನ್ನಲ್ಲಿದೆ. ನನಗೆ ಕೋವಿ ಬೇಡ, ಮಾರಬೇಕು. ಮನೆಯಲ್ಲಿ ಎಲ್ಲರೂ ಅದನ್ನು ‘ಮಿಲಿಟರಿಯ ತ್ರೀ ನಾಟ್ ತ್ರೀ’ ಎಂದೇ ಕರೆಯುತ್ತಿದ್ದರು. ಭಾವ ಅಮೆರಿಕದ ಜಾಲತಾಣದಲ್ಲಿ ಡಾಲರ್ ಬೆಲೆ ತೋರಿಸಿ ‘ಲಕ್ಷಕ್ಕೆ ಕಡಿಮೆ ಕೊಡಬೇಡ’ ಎನ್ನುತ್ತಾರೆ. ನೋಡಲು ಬಂದವರೊಬ್ಬರು ಗುಜರಿ ಬೆಲೆ ಹೇಳಿ ಹೋದರು. ಯಾರ ಮಾತು ಸರಿ?

ಮಲ್ಪೆ ಶೂಟರ್:
ಬೆಲೆಯ ಮಾತು ಆಮೇಲೆ. ಮೊದಲು ಪರವಾನಗಿ ಪುಸ್ತಕದಲ್ಲಿ ಬೋರ್ (ನಳಿಗೆಯ ಒಳ ಅಳತೆ) ಏನೆಂದು ಬರೆದಿದೆ, ನಳಿಗೆಯ ಮೇಲೆ ಏನು ಅಚ್ಚಾಗಿದೆ, ಎರಡನ್ನೂ ನೋಡಿ. ನಿಜವಾದ ತ್ರೀ ನಾಟ್ ತ್ರೀ, ಅಂದರೆ .303 ಆಗಿದ್ದರೆ ಅದು ನಿಷೇಧಿತ ಬೋರ್. ಪೊಲೀಸರ ಬಳಿ ಇರುತ್ತಿದ್ದ .410 ಮಸ್ಕೆಟ್ ಕೂಡ ಹಾಗೆಯೇ. ಅವುಗಳಿಗೆ ಜಿಲ್ಲಾಧಿಕಾರಿ ಪರವಾನಗಿ ಕೊಡುವಂತಿಲ್ಲ, ಅದು ಕೇಂದ್ರ ಗೃಹ ಸಚಿವಾಲಯದ ವಿಷಯ. ಸಾಮಾನ್ಯ ಪರವಾನಗಿದಾರ ಕೊಳ್ಳಲಾಗದ ವಸ್ತುವಿಗೆ ನಮ್ಮ ಊರಿನಲ್ಲಿ ಬೆಲೆ ಕಟ್ಟುವುದು ಹೇಗೆ? ಅಮೆರಿಕದ ಸಂಗ್ರಾಹಕರು ಕೊಡುವ ಡಾಲರ್ ಲೆಕ್ಕವನ್ನು ಇಲ್ಲಿಗೆ ತರಲೇಬೇಡಿ.

ಆದರೆ ನನ್ನ ಊಹೆ ಬೇರೆ. ಬೆಳೆ ರಕ್ಷಣೆಯ ಪರವಾನಗಿಯಲ್ಲಿದೆ ಎಂದರೆ ಅದು ಬಹುತೇಕ .315 ಸ್ಪೋರ್ಟಿಂಗ್ ರೈಫಲ್. ಇಷಾಪುರದ ಸರ್ಕಾರಿ ಕಾರ್ಖಾನೆ ಸೈನ್ಯದ ಲೀ-ಎನ್‌ಫೀಲ್ಡ್ ಮಾದರಿಯ ಬೋಲ್ಟ್ (ಹಿಂದೆ ಮುಂದೆ ಎಳೆದು ತೋಟೆ ತುಂಬುವ ಭಾಗ) ಇಟ್ಟೇ ಇದನ್ನು ನಾಗರಿಕರಿಗಾಗಿ ತಯಾರಿಸಿತು. ಬೋಲ್ಟ್ ಒಂದೇ ರೀತಿ ಕಾಣುವುದರಿಂದ ಮನೆಮಂದಿ ‘ಮಿಲಿಟರಿ’ ಎನ್ನುವುದು ಸಹಜ. ಸೈನ್ಯದ್ದಾದರೆ ಮರ ನಳಿಗೆಯ ತುದಿಯವರೆಗೂ ಹೋಗಿರುತ್ತದೆ, ಸ್ಪೋರ್ಟಿಂಗ್ ರೈಫಲ್‌ನಲ್ಲಿ ಅರ್ಧಕ್ಕೇ ನಿಲ್ಲುತ್ತದೆ.

ಹೆಬ್ರಿ ಕೃಷಿಕ:
ಇಂದು ಹೋಗಿ ನೋಡಿ ಬಂದೆ. ನೀವು ಹೇಳಿದಂತೆಯೇ .315 ಎಂದು ಅಚ್ಚಾಗಿದೆ, ಪುಸ್ತಕದಲ್ಲೂ ಅದೇ ಇದೆ. ಮರ ಅರ್ಧಕ್ಕಿದೆ. ಆದರೆ ಒಂದು ಗೊಂದಲ: ಬೋಲ್ಟ್ ಹಿಡಿಯ ಬುಡದಲ್ಲಿರುವ ಸಂಖ್ಯೆಯೇ ಬೇರೆ, ಕೋವಿಯ ಮೈಮೇಲಿನ ಸಂಖ್ಯೆಯೇ ಬೇರೆ. ಪುಸ್ತಕದಲ್ಲಿರುವುದು ಮೈಮೇಲಿನದು.

ಬೆಳ್ಮಣ್ಣಿನವ:
ಗುಜರಿ ಬೆಲೆ ಹೇಳಿದವರು ಇದನ್ನೇ ಕಂಡಿರಬೇಕು. ಬೋಲ್ಟ್ ಅದಲು ಬದಲಾದರೆ ಅದರ ತಲೆ ಮತ್ತು ನಳಿಗೆಯ ನಡುವಿನ ಅಂತರ ಸರಿ ಇದೆಯೇ ಎಂದು ಗೇಜ್ (ಅಳತೆಯ ಸಾಧನ) ಇಟ್ಟು ನೋಡಲೇಬೇಕು. ಅಂತರ ಹೆಚ್ಚಾಗಿದ್ದರೆ ತೋಟೆಯ ಹಿತ್ತಾಳೆ ಸೀಳಿ, ಬಿಸಿ ಅನಿಲ ಕಣ್ಣಿಗೆ ಬಡಿಯಬಹುದು. ದಯವಿಟ್ಟು ಪರವಾನಗಿ ಇರುವ ಕೋವಿ ರಿಪೇರಿಯವರು ನೋಡುವವರೆಗೆ ಯಾರೂ ಅದರಿಂದ ಗುಂಡು ಹಾರಿಸಬಾರದು. ತಂದೆಯವರು ಚುನಾವಣೆಯ ಸಮಯದಲ್ಲಿ ಕೋವಿಯನ್ನು ಠೇವಣಿ ಇಟ್ಟಿದ್ದರೇ? ಬೋಲ್ಟ್ ಬೇರೆ ತೆಗೆದಿಟ್ಟು ವಾಪಸು ಕೊಡುವಾಗ ತಪ್ಪಿದ್ದನ್ನು ನಾನು ನನ್ನ ಮನೆಯಲ್ಲೇ ಅನುಭವಿಸಿದ್ದೇನೆ. ಅದೇ ದಿನ ಠೇವಣಿ ಇಟ್ಟ ನೆರೆಮನೆಯವರನ್ನು ಕೇಳಿ.

ಮಲ್ಪೆ ಶೂಟರ್:
ಬೆಲೆ ಕಟ್ಟುವುದು ಹೀಗೆ. ಈ .315 ರೈಫಲ್‌ನ ಹೊಸದರ ಇಂದಿನ ಬೆಲೆಯನ್ನು ವ್ಯಾಪಾರಿಯಲ್ಲೇ ಕೇಳಿ. ಹಳೆಯದಕ್ಕೆ ಅದೇ ಮೇಲ್ಮಿತಿ, ಅಲ್ಲಿಂದ ಕಳೆಯುತ್ತಾ ಬನ್ನಿ. ಅತಿ ಹೆಚ್ಚು ಕಳೆಯುವುದು ನಳಿಗೆಗೆ. ವ್ಯಾಪಾರಿ ಬೋಲ್ಟ್ ತೆಗೆದು, ಕೋವಿ ಖಾಲಿ ಎಂದು ಖಚಿತಪಡಿಸಿದ ಮೇಲೆ ಇನ್ನೊಂದು ತುದಿಯಲ್ಲಿ ಬಿಳಿ ಕಾಗದ ಹಿಡಿದು ಒಳಗೆ ನೋಡಿ. ಸುರುಳಿ ಗೆರೆಗಳು ಚೂಪಾಗಿ ಹೊಳೆಯಬೇಕು. ನಮ್ಮ ಉಪ್ಪುಗಾಳಿಗೂ ಮಳೆಗಾಲಕ್ಕೂ ಸಿಕ್ಕ ನಳಿಗೆಯಲ್ಲಿ ಸಿಡುಬಿನ ಕಲೆಯಂತೆ ಗುಳಿ ಬಿದ್ದಿರುತ್ತದೆ, ಅದನ್ನು ತಿಕ್ಕಿ ತೆಗೆಯಲು ಬರುವುದಿಲ್ಲ. ಆಮೇಲೆ ಮ್ಯಾಗಜಿನ್ (ತೋಟೆ ತುಂಬಿಡುವ ಪೆಟ್ಟಿಗೆ), ಗುರಿಕಣ್ಣು, ಮರದ ಬಿರುಕು. ಮಾರುವ ಆಸೆಗೆ ಮರಕ್ಕೆ ವಾರ್ನಿಷ್, ಕಬ್ಬಿಣಕ್ಕೆ ಉಪ್ಪುಕಾಗದ ಹಚ್ಚಬೇಡಿ. ಅಚ್ಚುಗಳು ಸವೆದರೆ ಕೊಳ್ಳುವವನಿಗೆ ಅನುಮಾನ ಹುಟ್ಟುತ್ತದೆ.

ಇನ್ನೊಂದು ಕಹಿ ಸತ್ಯ: ಕೊಳ್ಳುವವರೇ ಕಡಿಮೆ. ಶಸ್ತ್ರಾಸ್ತ್ರ ಕಾಯಿದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಮೂರರ ಬದಲು ಎರಡೇ ಕೋವಿ. ರೈಫಲ್ ಗುಂಡು ಬಹುದೂರ ಹೋಗುವುದರಿಂದ ಮನೆಗಳು ಒತ್ತಾಗಿರುವ ತೋಟಗಳಿಗೆ ಹಲವರು ಚರ್ರೆ ಹಾರಿಸುವ ಒಂಟಿನಳಿಗೆ ಕೋವಿಯನ್ನೇ ಬಯಸುತ್ತಾರೆ. ನೀವು ವ್ಯಾಪಾರಿಯ ಮೂಲಕವೇ, ಪರವಾನಗಿಯಲ್ಲಿ ರೈಫಲ್‌ಗೆ ಅವಕಾಶ ಇರುವವರಿಗೇ ಮಾರಿ. ವಾರಸುದಾರರ ಕಾಗದ ಹಿಡಿದು ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಖಾಸಗಿಯಾಗಿ ಮಾರಲು 1959ರ ಶಸ್ತ್ರಾಸ್ತ್ರ ಕಾಯಿದೆ 45 ದಿನಗಳ ಮುಂಚಿತ ಲಿಖಿತ ತಿಳಿವಳಿಕೆ ಕೇಳುತ್ತದೆ.

ಹೆಬ್ರಿ ಕೃಷಿಕ:
ನೆರೆಮನೆಯ ಹಿರಿಯರ .315 ಕೋವಿಯಲ್ಲಿ ನಮ್ಮ ಸಂಖ್ಯೆಯ ಬೋಲ್ಟ್ ಸಿಕ್ಕಿತು! ಅವರಿಗೂ ಗೊತ್ತಿರಲಿಲ್ಲ. ವ್ಯಾಪಾರಿಯ ಎದುರಿನಲ್ಲೇ ಬದಲಾಯಿಸಿ, ಎರಡನ್ನೂ ರಿಪೇರಿಯವರು ಗೇಜ್ ಇಟ್ಟು ನೋಡಿದರು. ನಮ್ಮ ನಳಿಗೆಯ ಬಾಯಿಯ ಹತ್ತಿರ ಸ್ವಲ್ಪ ಗುಳಿ ಇದೆ, ಉಳಿದದ್ದು ಸ್ವಚ್ಛ. ಹೊಸದರ ಅರ್ಧ ಬೆಲೆಗೆ ಕಾರ್ಕಳದ ಪರವಾನಗಿದಾರರೊಬ್ಬರು ಒಪ್ಪಿದ್ದಾರೆ. ಅವರ ಪುಸ್ತಕದಲ್ಲಿ ನಮೂದಾದ ಮೇಲೆಯೇ ಹಣ ಪಡೆಯುತ್ತೇನೆ.